ತುಂಬದ ಚೀಲ

ವಿಪತ್ತು ಬರುವ ಹಿಂದಿನ ದಿನ ಬಾಗಿಲ ಹಿಂದೆ ತೂಗುವ ತುರ್ತು ಚೀಲ ತಾನಾಗಿ ತುಂಬಿಕೊಳ್ಳುವುದು ಆ ನಗರದಲ್ಲಿ ಹೊಸತೇನಲ್ಲ. ಹಗ್ಗ ಬಂದರೆ ನೆರೆ, ಒದ್ದೆ ಟವೆಲು ಬಂದರೆ ಬೆಂಕಿ ಎಂದು ಮಕ್ಕಳಿಗೂ ಗೊತ್ತು. ಇವತ್ತು ನಾಲ್ಕನೇ ಮಹಡಿಯವರ ಚೀಲಗಳಲ್ಲೆಲ್ಲ ಹಗ್ಗ, ಟಾರ್ಚು, ಅವಲಕ್ಕಿ. ಒಬ್ಬಳೇ ಇರುವ ಅಂಬುಜಾಕ್ಷಿಯ ಚೀಲ ಮಾತ್ರ ಖಾಲಿ.

ಅವಳು ಅದನ್ನು ಕೊಡವಿ, ತಿರುವಿಹಾಕಿ ನೋಡಿದಳು. ತನಗೇನೂ ಆಗುವುದಿಲ್ಲವೆಂದೋ, ಇಲ್ಲ, ತಾನೇ ಇರುವುದಿಲ್ಲವೆಂದೋ? ಕೈಯಾರೆ ತುಂಬೋಣವೆಂದು ಹೋದರೆ ಮೊಣಕಾಲಿಗೆ ಹಚ್ಚುವ ಎಣ್ಣೆ ಕಪಾಟಿನಲ್ಲಿಲ್ಲ, ಕನ್ನಡಕವೂ ಕಾಣೆ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಎದುರುಮನೆಯ ಫಿಲೋಮಿನಾ! ಆಕೆ ಮೆಟ್ಟಿಲ ಮೇಲೆ ಹೂಕುಂಡ ಸಾಲಾಗಿಟ್ಟಿದ್ದಕ್ಕೆ ಜಗಳವಾದಾಗಿನಿಂದ ಇಬ್ಬರ ನಡುವೆ ಮಾತಿರಲಿಲ್ಲ. ಆಕೆಯ ಕೈಯಲ್ಲಿ ಉಬ್ಬಿದ ಚೀಲವಿತ್ತು.

"ಏನ್ರೀ ಇದು? ನಾನಿರೋದು ಒಬ್ಳೇ, ನನ್ ಚೀಲದಲ್ಲಿ ಎರಡು ತಟ್ಟೆ, ಎರಡು ಲೋಟ! ಈ ನೋವಿನೆಣ್ಣೆ ಯಾರ್ದು? ಕನ್ನಡಕ ಯಾರ್ದು?"

ಅಂಬುಜಾಕ್ಷಿ ತನ್ನ ಕನ್ನಡಕ ತೆಗೆದು ಮೂಗಿಗೇರಿಸಿ, ಚೀಲದೊಳಕ್ಕೆ ಇಣುಕಿದಳು.

"ನಂಗೂ ಅರ್ಥ ಆಗ್ತಿಲ್ಲ," ಎಂದಳು ಫಿಲೋಮಿನಾ ಸಿಡುಕುತ್ತಲೇ. "ಸುಮ್ನೆ ಬನ್ನಿ. ಮೊದ್ಲು ಆ ಕುಂಡಗಳನ್ನ ಎತ್ತಿಡೋಕೆ ಸ್ವಲ್ಪ ಕೈ ಹಾಕಿ."