ಅಮ್ಮ ಕಳಿಸಿದ್ದು

ಭಾನುವಾರ ಬೆಳಗಿನ ಎರಡನೆಯ ನಿದ್ದೆ ಇನ್ನೇನು ಹತ್ತಬೇಕು, ದಿಂಬಿನ ಕೆಳಗೆ ಫೋನು ಮತ್ತೆ ಟಿಂಗ್ ಎಂದಿತು. ನೋಡುವುದೇ ಬೇಡ, ಅಮ್ಮನೇ. 'ಒಂಟಿತನಕ್ಕೂ ರಕ್ತದೊತ್ತಡಕ್ಕೂ ಏನು ನಂಟು?' ಎಂಬ ಲೇಖನ. ಅದರ ಬೆನ್ನಿಗೇ ಯಾರೋ ಡಾಕ್ಟರಮ್ಮನ ಮುಕ್ಕಾಲು ಗಂಟೆಯ ಮಾತು, ಕೆಳಗೆ 'ಬಿಡುವಾಗಿ ಕೇಳು ಮಗಳೇ' ಎಂಬ ಒಕ್ಕಣೆ ಬೇರೆ. ಕನ್ನಡಕದಂಗಡಿಯಲ್ಲಿ ವಾರವೆಲ್ಲ ನಿಂತೇ ಇದ್ದು, ಕಂಡವರ ಮೂಗು ಕಿವಿಗೆ ಫ್ರೇಮು ಕೂರಿಸಿ ಸೊಂಟ ಬಿದ್ದುಹೋಗಿದ್ದವಳಿಗೆ ಇದ್ದದ್ದು ಇದೊಂದೇ ಬಿಡುವು. ಒಂದನ್ನೂ ತೆರೆಯದೆ ಎರಡಕ್ಕೂ ಹೆಬ್ಬೆಟ್ಟಿನ ಚಿತ್ರ ಒತ್ತಿ ಮಗ್ಗುಲು ಬದಲಿಸಿದಳು.

ಸ್ವಲ್ಪ ಹೊತ್ತಿಗೆ ಅಮ್ಮನ ಫೋನೇ ಬಂತು.

"ಕೇಳಿದ್ಯೇನೇ?"

"ಕೇಳ್ದೆ ಅಮ್ಮ. ಚೆನ್ನಾಗಿತ್ತು."

"ಪೂರ್ತಿ?"

"ಪೂರ್ತಿ."

"ಕೊನೇಲಿ ಡಾಕ್ಟರಮ್ಮ ಹೇಳಿದ್ರಲ್ಲ, ಅದು?"

"ಅದಂತೂ ನೂರಕ್ಕೆ ನೂರು ನಿಜ," ಎಂದಳು ಆಕಳಿಕೆ ನುಂಗುತ್ತ.

"ನೀನು ಹೀಗಂತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಕಣೇ," ಎಂದ ಅಮ್ಮನ ದನಿ ಯಾಕೋ ಸಣ್ಣಗಾಗಿತ್ತು. "ಹಾಗಾದ್ರೆ ಇನ್ನೊಂದು ಕಳಿಸ್ತೀನಿ. ಅದನ್ನೂ ಕೇಳಿಬಿಡು."

"ಕಳ್ಸಮ್ಮ, ಕಳ್ಸು!" ಎಂದು ಹಲ್ಲು ಕಚ್ಚಿ ಫೋನಿಟ್ಟಳು. ಅಮ್ಮನಿಗೆ ಈ ಫೋನು ಕೊಡಿಸಿದವಳೂ ತಾನೇ, ಇಲ್ಲೊತ್ತಿದರೆ ಹೋಗುತ್ತೆ ಎಂದು ಹೇಳಿಕೊಟ್ಟವಳೂ ತಾನೇ. ಇರಲಾರದೆ ಇರುವೆ ಬಿಟ್ಟುಕೊಂಡ ಮೇಲೆ ಯಾರನ್ನು ಬೈಯುವುದು? ಹೊಸದಾಗಿ ಬಂದದ್ದಕ್ಕೆ ಬರೀ ಹೆಬ್ಬೆಟ್ಟು ಸಾಲದೆಂದು ಒಂದು ಕೆಂಪು ಹೃದಯ ಒತ್ತಿ, 'ಆಗಲಿ ಅಮ್ಮ, ಖಂಡಿತ' ಎಂದೂ ಬರೆದಳು. ಆಮೇಲೆ ಫೋನಿನ ಸದ್ದಡಗಿಸಿ ಮುಸುಕೆಳೆದುಕೊಂಡಳು.

ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಅಮ್ಮ. ಇಸ್ತ್ರಿಯ ಗೆರೆ ಮುರಿಯದ ಬಟ್ಟೆ, ನೀಟಾಗಿ ಬಾಚಿದ ತಲೆ. ಅಪ್ಪ ತೀರಿಹೋದ ಮೇಲೆ ಅಮ್ಮ ಹೀಗೆ ತಯಾರಾದದ್ದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿ ಕಿತ್ತಳೆಯ ಪೊಟ್ಟಣ ಹಿಡಿದ, ಸಣಕಲು ದೇಹದ ಹಿರಿಯರೊಬ್ಬರು. ಕಸುಬಿನ ಕಣ್ಣು ಮೊದಲು ಅವರ ಕನ್ನಡಕದ ಮೇಲೇ ಬಿತ್ತು. ತಿರುಪು ಸಡಿಲಾದ ಕಡ್ಡಿಗೆ ದಾರ ಸುತ್ತಿದೆ, ಅದೂ ದರ್ಜಿಯ ಕೈಯ ಒತ್ತಾದ ಸುತ್ತು.

"ಇವರೇ," ಎಂದಳು ಅಮ್ಮ.

"ಯಾರು?"

"ಬೆಳಿಗ್ಗೆ ಹೇಳಿದ್ನಲ್ಲೇ! ನನ್ನ ಹೊಲಿಗೆ ಅಂಗಡಿ ಪಕ್ಕದ ಬೀಗದಂಗಡಿಯೋರು. ಕರ್ಕೊಂಡು ಬರ್ಲಾ ಅಂತ ಕೇಳಿದ್ದಕ್ಕೆ ಖಂಡಿತ ಅಂದ್ಯಲ್ಲ."

ಅವರನ್ನು ಕೂರಿಸಿ, ಅಮ್ಮನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಫೋನು ತೆಗೆದು, ಹೃದಯ ಒತ್ತಿದ್ದನ್ನು ಹುಡುಕಿ ಕಿವಿಗೆ ಹಿಡಿದಳು. ಅದು ಎಲ್ಲಿಂದಲೋ ಬಂದದ್ದಲ್ಲ, ಅಮ್ಮನದೇ ದನಿ. 'ಈ ವಯಸ್ಸಲ್ಲೂ ಜೊತೆ ಬೇಕು ಅಂದ ಡಾಕ್ಟರಮ್ಮನ ಮಾತು ನಿಜ ಅಂದ್ಯಲ್ಲ, ಅದಕ್ಕೇ ಧೈರ್ಯ ಮಾಡಿದೆ. ಎದುರಿಗೆ ಹೇಳೋಕೆ ನಾಚಿಕೆ ಕಣೇ. ಪಕ್ಕದಂಗಡಿಯೋರು ಮದುವೆ ಆಗೋಣ್ವಾ ಅಂತ ಕೇಳಿದಾರೆ. ನೀನು ಬೇಡ ಅಂದ್ರೆ ಬೇಡ. ಬೇಜಾರಿಲ್ಲ ಅಂದ್ರೆ ಇವತ್ತೇ ಕರ್ಕೊಂಡು ಬರ್ಲಾ?'

ಅಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. "ಈಗ ಕೇಳ್ತಿದ್ದೀಯಾ?"

"ಅಮ್ಮ, ಇದೇನು ಫೋನಲ್ಲಿ ಕಳಿಸೋ ವಿಷಯಾನಾ? ಬಾಯಿ ಇರ್ಲಿಲ್ವಾ ನಿಂಗೆ?" ಎಂದು ಅವಳು ಪಿಸುದನಿಯಲ್ಲೇ ಸಿಡಿದಳು.

"ಇತ್ತು. ಬಾಯಿ ತೆಗೆದಾಗೆಲ್ಲ 'ಈಗ ಪುರುಸೊತ್ತಿಲ್ಲ, ಏನಿದ್ರೂ ಕಳಿಸಿರು, ಭಾನುವಾರ ನೋಡ್ತೀನಿ' ಅಂದೋಳು ಯಾರು?" ಅಮ್ಮನೂ ಬಿಡಲಿಲ್ಲ. "ಓದು ಬರದೋರು ಪತ್ರಕ್ಕೆ ಒತ್ತಿದ ಹಾಗೆ ಒತ್ಬಿಟ್ಯಲ್ಲೇ ಹೆಬ್ಬೆಟ್ಟು! ಇಷ್ಟು ದಿನ ಕಳಿಸಿದ್ದಕ್ಕೆಲ್ಲಾನೂ ಹೀಗೇನಾ?"

ಅಮ್ಮ ಒಂದು ಲೋಟ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

"ಹೋಗ್ಲಿ ಬಿಡು. ನಿಂಗೆ ಇಷ್ಟ ಇಲ್ಲ ಅಂತ ಅವರಿಗೆ ನಾನೇ ಹೇಳ್ತೀನಿ."

"ಇಷ್ಟ ಇಲ್ಲ ಅಂತ ನಾನೆಲ್ಲಿ ಹೇಳ್ದೆ?"

"ನೀನು ಏನೂ ಹೇಳ್ಲೇ ಇಲ್ಲ," ಎಂದು ಅಮ್ಮ ನೀರು ತುಂಬಿಕೊಂಡು ಹೊರಗೆ ನಡೆದಳು.

ಮಗಳೂ ಹಿಂದೆಯೇ ಬಂದಳು. ಇವರನ್ನು ಕಂಡು ಗಡಬಡಿಸಿ ಎದ್ದ ಹಿರಿಯರ ಕನ್ನಡಕ ಮೂಗಿನ ತುದಿಗೆ ಜಾರಿತು. "ಕೊಡಿ ಇಲ್ಲಿ," ಎಂದು ಕೈಚಾಚಿ ಇಸಿದುಕೊಂಡು, ಮೇಜಿನ ಡ್ರಾಯರಿನಿಂದ ಸಣ್ಣ ತಿರುಪುಳಿ ತೆಗೆದು, ಅವರೆದುರೇ ಕೂತು ದಾರ ಬಿಚ್ಚತೊಡಗಿದಳು.

ಕನ್ನಡಕವಿಲ್ಲದ ಕಣ್ಣು ಪಿಳಿಪಿಳಿ ಬಿಡುತ್ತ ಅವರು ನಕ್ಕರು. "ನಿಮ್ಮ ವಿಷಯ ಬಂದ್ರೆ ಇವರಿಗೆ ಎಷ್ಟು ಹೆಮ್ಮೆ ಗೊತ್ತೇನಮ್ಮ? ಎಷ್ಟೇ ಕೆಲಸ ಇರ್ಲಿ, ನಾನು ಏನು ಕಳಿಸಿದ್ರೂ ಪೂರ್ತಿ ಕೇಳೋಳು ನನ್ನ ಮಗಳೊಬ್ಬಳೇ ಅಂತಿರ್ತಾರೆ."

ಅವಳು ತಲೆ ಬಗ್ಗಿಸಿ, ಬಿಗಿಯಾಗಿದ್ದ ತಿರುಪನ್ನೇ ಮತ್ತೊಮ್ಮೆ ಬಿಗಿ ಮಾಡಿದಳು.

"ಹ್ಞೂಂ ಮತ್ತೆ," ಎಂದಳು ಅಮ್ಮ, ಮಗಳ ಕಡೆ ನೋಡದೆ. "ಇವತ್ತು ಕಳಿಸಿದ್ದನ್ನಂತೂ ಎರಡೆರಡು ಸಲ ಕೇಳಿದ್ಳಂತೆ."