ಬಾಗಿಲ ಮೇಲಿನ ‘ನಾಳೆ ಬಾ’

ಕ್ರಿಸ್‌ಮಸ್ ತಿಂಡಿ ಅಚ್ಚುಮುರುಕ್ಕು ಕರಿಯುವ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಬಾಗಿಲ ಕಡೆ ಹೋಗುತ್ತದೆ.

ಆಗ ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ಪಕ್ಕದ ಮನೆಯ ಅಂತೋಣಿ ತಾತ ಡಿಸೆಂಬರಿನಲ್ಲಿ ಹುಲ್ಲು ಹಾಸಿ ಕ್ರಿಸ್‌ಮಸ್ ಗೋದಲಿ ಕಟ್ಟುತ್ತ, ‘ದೇವ್ರ ತಾಯಿ ತುಂಬು ಬಸುರಿ ಕಂದಾ, ಪಾಪ. ಎಷ್ಟ್ ಬಾಗ್ಲು ತಟ್ಟಿದ್ರೂ ಒಬ್ರೂ ತೆಗೀಲಿಲ್ಲ’ ಎನ್ನುತ್ತಿದ್ದರು. ರಾಯಚೂರಿನಿಂದ ಬಂದ ನಮ್ಮವ್ವನ ಕತೆಯೇ ಬೇರೆ: ‘ಹಟ ಮಾಡಿದ್ರ ಕ್ರಿಸ್‌ಮಸ್ ತಾತ ಚೀಲದಾಗ ಹಾಕ್ಕೊಂಡು ಒಯ್ತಾನ ನೋಡು.’

ಆ ಮಧ್ಯಾಹ್ನ ಅವ್ವ ಕೆಲಸಕ್ಕೆ ಹೋಗಿದ್ದಳು. ದೂರದಲ್ಲಿ ತಮಟೆ ಕೇಳಿಸಿತು; ಕ್ರಿಸ್‌ಮಸ್ ತಾತ ಮನೆಮನೆಗೆ ಬರುತ್ತಿದ್ದುದು ತಮಟೆಯ ಜೊತೆಗೇ. ದೆವ್ವ ಬಾರದಿರಲೆಂದು ಆಗ ಎಲ್ಲರೂ ಬರೆಯುತ್ತಿದ್ದಂತೆ, ನಾನೂ ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದೆ. ಒಳಗಿಂದ ಚಿಲಕ ಹಾಕಿ ಕಿಟಕಿಯ ಸಂದಿಯಲ್ಲಿ ನೋಡುತ್ತ ನಿಂತೆ. ಕೆಂಪು ನಿಲುವಂಗಿ, ಗುಲಾಬಿ ಕೆನ್ನೆಯ ಪ್ಲಾಸ್ಟಿಕ್ ಮುಖವಾಡ, ಹೆಗಲಿಗೆ ಚೀಲ. ಅದು ನಮ್ಮ ಬಾಗಿಲು ತಟ್ಟಲು ಕೈಯೆತ್ತಿ ಹಾಗೇ ನಿಂತಿತು. ಓದಲೆಂದು ಮುಖವಾಡವನ್ನು ಹಣೆಗೇರಿಸಿತು. ಬೆವರಿನಲ್ಲಿ ತೊಯ್ದ ಅಂತೋಣಿ ತಾತನ ಮುಖ.

‘ಬೇಡಪ್ಪಾ,’ ಎಂದು ಅವರು ತಮಟೆಯವನಿಗೆ ಮೆಲ್ಲಗೆ ಹೇಳಿದರು. ‘ನಾವು ಬರೋದು ಇವ್ರಿಗೆ ಇಷ್ಟ ಇಲ್ವೇನೋ.’

ಕೈಯಲ್ಲಿದ್ದ ಅಚ್ಚುಮುರುಕ್ಕಿನ ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ನಾನು ಚಿಲಕ ತೆಗೆಯುವಷ್ಟರಲ್ಲಿ ತಮಟೆ ಆಚೆ ಬೀದಿಗೆ ಹೋಗಿತ್ತು.

ಸಂಜೆ ಅವ್ವ ಒದ್ದೆ ಬಟ್ಟೆಯಲ್ಲಿ ಬಾಗಿಲು ಒರೆಸುತ್ತ ನಕ್ಕಳು. ‘ದೆವ್ವ ಬಂದಿತ್ತೇನು?’

‘ಇಲ್ಲವ್ವಾ,’ ಎಂದೆ. ‘ದೆವ್ವ ಬಂದಿದ್ದಿಲ್ಲ.’