ಕರೆದದ್ದು ನಿನ್ನನ್ನಲ್ಲ

ಹೆಸರು ಕಿವಿಗೆ ಬಿದ್ದದ್ದೇ ತಡ, ಅವಳು “ಬಂದೆ ಅಮ್ಮಾ” ಎಂದು ಸೋಪಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು.

“ನಿನ್ನನ್ನಲ್ಲ, ಸಣ್ಣಿ,” ಎಂದಳು ಮನೆಯ ಯಜಮಾನಿ. “ಮೇಲಿರೋಳನ್ನ ಕರೆದೆ. ಇನ್ನೂ ಎಷ್ಟು ಸಲ ಹೇಳ್ಬೇಕು? ನೆಲ ಎಲ್ಲಾ ನೊರೆ ಮಾಡಿದೆ ನೋಡು.”

ಮೇಲಿನವಳು ಮೆಟ್ಟಿಲ ತುದಿಯಿಂದ ಇಣುಕಿ ನಕ್ಕಳು. ಇವಳು ಬಗ್ಗಿ ನೆಲ ಒರೆಸಿದಳು.

ಇಬ್ಬರದೂ ಒಂದೇ ಹೆಸರು. ಅವಳು ಈ ಮನೆಗೆ ಬಂದ ದಿನವೇ ಯಜಮಾನಿ ತೀರ್ಮಾನ ಮಾಡಿಬಿಟ್ಟಿದ್ದಳು. “ಆ ಹೆಸರಿನೋಳು ಮನೇಲಿ ಆಗ್ಲೇ ಇದಾಳೆ. ಗೊಂದಲ ಬೇಡ. ನೀನು ಸಣ್ಣಿ.” ಕೇಳಿದ್ದಲ್ಲ, ಹೇಳಿದ್ದು. ಪುಸ್ತಕಗಳಿಗೆ ರಟ್ಟು ಹಾಕುವ ಪ್ರೆಸ್ಸಿನಲ್ಲಿದ್ದಾಗ ಯಂತ್ರಗಳ ಗದ್ದಲವನ್ನೂ ಮೀರಿ ಎಲ್ಲರೂ ಅವಳ ಹೆಸರು ಕೂಗುತ್ತಿದ್ದರು. ಸದ್ದೇ ಇಲ್ಲದ ಈ ಮನೆಯಲ್ಲಿ ಅದು ಬೇರೆಯವರ ಸೊತ್ತು.

ಮೇಲಿನವಳ ಮಾತೇ ಬೇರೆ. ಹಾಸಿಗೆ ಹಿಡಿದಿದ್ದ ದೊಡ್ಡ ಯಜಮಾನರು ಆಕೆಯ ಕೈಯಿಂದಲ್ಲದೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಆಕೆಯ ಚಹಾ ಮೇಲಕ್ಕೇ ಹೋಗಬೇಕು, ಬಿಸಿಬಿಸಿಯಾಗಿ. ಸಂಜೆ ಬ್ಯಾಗು ಹೆಗಲಿಗೇರಿಸಿ ಹೊರಟರೆ ಎಲ್ಲಿಗೆಂದು ಯಾರೂ ಕೇಳುವಂತಿಲ್ಲ. ಇವಳಿಗೋ, ಗೇಟು ದಾಟಲೂ ಅಪ್ಪಣೆ ಬೇಕು. ಊಟ ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯಲ್ಲಿ, ನಿಂತುಕೊಂಡೇ.

ಯಜಮಾನಿಯ ಮಗ ಒಬ್ಬನೇ ಅವಳ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದ. ಅದೂ ಯಾರೂ ಇಲ್ಲದಾಗ, ಕಿವಿಯ ಹತ್ತಿರ, ಪಿಸುದನಿಯಲ್ಲಿ. ಹೊರಗೆ ತಾಯಿಯ ಚಪ್ಪಲಿ ಸದ್ದಾದರೆ ಮತ್ತೆ ಸಣ್ಣಿ.

“ಅಮ್ಮನ ಹತ್ರ ಒಂದು ಮಾತು ಹೇಳಿ,” ಎಂದು ಒಮ್ಮೆ ಬೇಡಿಕೊಂಡಿದ್ದಳು.

“ಇಷ್ಟಕ್ಕೆಲ್ಲಾ ರಂಪ ಯಾಕೆ?” ಎಂದಿದ್ದ.

ಇವತ್ತು ಊಟದ ಮೇಜಿನಲ್ಲಿ ಯಜಮಾನಿ ಒಂದು ತಮಾಷೆ ಹೇಳಿದಳು.

“ನಿನ್ನೆ ಯಾರೋ ಪ್ರೆಸ್ಸಿನವಳು ಬಾಗಿಲಿಗೆ ಬಂದು ಹೆಸರು ಹೇಳಿ ಕೇಳಿದ್ಲು. ಮೇಲಿರೋಳನ್ನ ಕಳಿಸಿದೆ. ‘ಇವರಲ್ಲ, ಮನೆ ತಪ್ಪಾಯ್ತು’ ಅಂತ ಹೊರಟೇ ಹೋದ್ಲು, ಪಾಪ!”

ಮಗನೂ ನಕ್ಕ.

ಬಡಿಸುತ್ತಿದ್ದ ಅವಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಅಷ್ಟು ದೂರದಿಂದ ಹುಡುಕಿಕೊಂಡು ಬಂದ ಒಬ್ಬಳೇ ಒಬ್ಬ ಗೆಳತಿ. ಆಗ ತಾನು ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದಳು.

“ಸಣ್ಣಿ, ಮೇಲಕ್ಕೆ ಚಹಾ!” ಸ್ವಲ್ಪ ಹೊತ್ತಿನಲ್ಲೇ ಕೂಗು ಬಂತು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟಿದ್ದ ಅವಳು ಅಲುಗಲಿಲ್ಲ.

“ಸಣ್ಣೀ!”

ಹಾಲು ಉಕ್ಕಿ ಒಲೆ ಆರಿತು. ಯಜಮಾನಿ ಧುಮುಗುಟ್ಟುತ್ತ ಒಳಗೆ ಬಂದಳು. “ಕಿವಿ ಕೇಳಲ್ವಾ ನಿಂಗೆ?”

“ನನ್ನ ಹೆಸರು ಹಿಡಿದು ಕರೆದ್ರೆ ಕೇಳುತ್ತೆ.” ಅವಳು ಒಲೆಯ ಗುಂಡಿ ತಿರುಗಿಸಿ ನಿಲ್ಲಿಸಿದಳು. “ಅಷ್ಟು ಗೊಂದಲ ಆಗೋದಾದ್ರೆ ಅವರಿಗೆ ಬೇರೆ ಹೆಸರಿಡಿ. ನಾನು ಸಣ್ಣಿ ಅಲ್ಲ. ಇವತ್ತಿಗೆ ಮುಗೀತು.”

ಯಜಮಾನಿ ಗಾಬರಿಯಿಂದ ಮೆಟ್ಟಿಲ ಕಡೆ ನೋಡಿದಳು. ಮೇಲಿನವಳಿಗೆ ಎಲ್ಲಿ ಕೇಳಿಸಿತೋ ಎಂದು ದನಿ ತಗ್ಗಿಸಿದಳು.

“ಮೆಲ್ಲಗೆ! ಆಕೆ ಸಂಬಳಕ್ಕೆ ಬರೋ ನರ್ಸು, ಹೆಸರು ಬದಲಾಯಿಸಿದ್ರೆ ನಾಳೇನೇ ಕೆಲಸ ಬಿಟ್ಟು ಹೋಗ್ತಾಳೆ. ನೀನು ಸೊಸೆ, ನೀನೆಲ್ಲಿಗೆ ಹೋಗ್ತೀಯ?”